ಚಿಕ್ಕಮಗಳೂರಲ್ಲಿ ಕೂತು ಸ್ವಂತವಾಗಿ ಆಪ್ ಮಾಡೋದು, ಗುರುತು ಪರಿಚಯ ಬೆಳೆಸ್ಕೊಳ್ಳೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಲ್ಲಿ ಐದು ವರ್ಷ ಆಂಡ್ರಾಯ್ಡ್ ಕೆಲಸ ಮಾಡಿ ಊರಿಗೆ ವಾಪಸ್ ಬಂದು ಈಗ ಏಳನೇ ವರ್ಷ. ಕಂಪನಿ ಅಂತ ಬೋರ್ಡ್ ಏನೂ ಇಲ್ಲ, ಒಬ್ಬನೇ ಮಾಡೋದು, ಕೆಲಸ ಜಾಸ್ತಿ ಇದ್ದಾಗ ಹಾಸನದ ಇಬ್ಬರು ಗೆಳೆಯರನ್ನ ಜೊತೆಗೆ ಸೇರಿಸ್ಕೊಳ್ತೀನಿ. ಇಲ್ಲಿನ ಎಐಟಿ ಕಾಲೇಜು, ಹಾಸನದ ಎಂಸಿಇ ಕಡೆ ಓದಿ ಮುಗಿಸಿದ ಹುಡುಗ್ರು ಹುಡುಗೀರು, ಬೆಂಗಳೂರು ಬಿಟ್ಟು ಬರ್ಬೇಕು ಅಂತಿರೋರು ಸಿಕ್ಕಾಗೆಲ್ಲ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು, ಅದಕ್ಕೆ ಒಂದೇ ಕಡೆ ಬರೆದಿಟ್ಟಿದೀನಿ.

ಪ್ರ: ಇಲ್ಲಿ ಕೂತ್ಕೊಂಡು ಆಪ್ ಮಾಡಿ ಜೀವನ ನಡೆಸೋಕಾಗುತ್ತಾ?

ಆಗುತ್ತೆ. ಆದ್ರೆ ಮೊದಲ ಒಂದೂವರೆ ವರ್ಷ ಕಷ್ಟ, ಅದನ್ನ ಮುಚ್ಚಿಡಲ್ಲ. ನಂಗೆ ಮೊದಲ ಆರು ತಿಂಗಳಲ್ಲಿ ಸಿಕ್ಕಿದ್ದು ಎರಡೇ ಕೆಲಸ, ಅದ್ರಲ್ಲಿ ಒಂದರ ದುಡ್ಡು ಪೂರ್ತಿ ಬರ್ಲೇ ಇಲ್ಲ. ಹತ್ತು ತಿಂಗಳ ಮನೆ ಖರ್ಚು ಕೈಯಲ್ಲಿ ಇಟ್ಕೊಂಡೇ ಬನ್ನಿ, ಸಾಲ ಮಾಡ್ಕೊಂಡು ಬರ್ಬೇಡಿ. ಕೋಡ್ ಬರೆಯೋಕೆ ಬರೋರು ಜಿಲ್ಲೇಲಿ ಬೇಕಾದಷ್ಟು ಜನ ಇದ್ದಾರೆ, ಕೆಲಸ ಮಾಡಿಸ್ಕೊಳ್ಳೋರೂ ಇದ್ದಾರೆ, ಇವ್ರಿಗೆ ಅವ್ರು ಗೊತ್ತಿಲ್ಲ ಅವ್ರಿಗೆ ಇವ್ರು ಗೊತ್ತಿಲ್ಲ, ತೊಂದ್ರೆ ಇರೋದೇ ಅಲ್ಲಿ. ಹಂಗಾಗಿ ಕೆಳಗೆ ಬರೆದಿರೋದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಪರಿಚಯದ ಬಗ್ಗೆನೇ ಇದೆ.

ಪ್ರ: ಶುರು ಮಾಡೋಕೆ ಏನೇನ್ ಬೇಕು, ಎಷ್ಟು ಖರ್ಚಾಗುತ್ತೆ?

ಒಂದು ಒಳ್ಳೇ ಲ್ಯಾಪ್‌ಟಾಪು. 8 ಜಿಬಿ ರ‍್ಯಾಮಲ್ಲಿ ಆಪ್ ಬರೆಯೋ ಸಾಫ್ಟ್‌ವೇರ್ ಆಂಡ್ರಾಯ್ಡ್ ಸ್ಟುಡಿಯೋ ಓಪನ್ ಆಗುತ್ತೆ, ಎಮ್ಯುಲೇಟರ್ (ಲ್ಯಾಪ್‌ಟಾಪ್‌ನಲ್ಲೇ ಓಡೋ ನಕಲಿ ಫೋನು) ಹಾಕಿದ ತಕ್ಷಣ ಒದ್ದಾಡುತ್ತೆ, ಆದ್ರಿಂದ 16 ಜಿಬಿ ಹಾಕಿಸಿ. ಆಮೇಲೆ ಒಂದು ಹಳೇ ಕಡಿಮೆ ಬೆಲೆ ಫೋನು, ಇದು ಬೇಕೇ ಬೇಕು, ಯಾಕಂದ್ರೆ ನಿಮ್ಮ ಆಪ್ ಬಳಸೋರ ಕೈಯಲ್ಲಿರೋದು ಅಂಥದ್ದೇ. ಗೂಗಲ್ ಪ್ಲೇ ಡೆವಲಪರ್ ಅಕೌಂಟ್‌ಗೆ 25 ಡಾಲರ್, ಒಂದೇ ಸಲ ಕಟ್ಟೋದು. ಆಪಲ್‌ದು ವರ್ಷಕ್ಕೆ 99 ಡಾಲರ್, ಪ್ರತಿ ವರ್ಷ ಕಟ್ಬೇಕು, ಜೊತೆಗೆ ಐಫೋನ್ ಆಪ್ ಬರೆಯೋ ಎಕ್ಸ್‌ಕೋಡ್ ಓಡೋದು ಮ್ಯಾಕ್‌ನಲ್ಲಿ ಮಾತ್ರ, ಹಾಗಾಗಿ ಐಫೋನ್ ಕೆಲಸ ಕೈಗೆ ಬರೋತನಕ ಆ ಖರ್ಚಿಗೆ ಹೋಗ್ಬೇಡಿ.

ಯಾವ ಭಾಷೆ ಕಲೀಲಿ ಅಂತಾನೂ ಕೇಳ್ತಾರೆ. ಕಾಟ್ಲಿನ್ ಆಂಡ್ರಾಯ್ಡ್‌ಗೆ 2017ರಿಂದ ಅಧಿಕೃತ ಭಾಷೆ, ಅದು ಸರಿಯಾಗಿ ಬಂದ್ರೆ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಂದೇ ಸಲ ಬರೆಯೋ ಫ್ಲಟರ್ ಆಮೇಲೆ ಕಲಿಯೋದು ಕಷ್ಟ ಅಲ್ಲ. ಇಲ್ಲಿನ ಗಿರಾಕಿಗಳಿಗೆ ಯಾವ ಭಾಷೇಲಿ ಬರೆದ್ರಿ ಅನ್ನೋದು ಬೇಕಿಲ್ಲ.

ಇನ್ನೊಂದು ಮಾತು, ಪ್ಲೇ ಅಕೌಂಟ್ ಪರ್ಸನಲ್ ಅಂತ ಮಾಡಿಸಿ ಆಪ್‌ನಲ್ಲಿ ದುಡ್ಡು ತಗೊಳ್ಳೋಕೆ ಶುರು ಮಾಡಿದ್ರೆ ನಿಮ್ಮ ಪೂರ್ತಿ ವಿಳಾಸ ಸ್ಟೋರ್‌ನಲ್ಲಿ ಎಲ್ಲರಿಗೂ ಕಾಣುತ್ತೆ. ಮನೆ ವಿಳಾಸ ಕಾಣ್ಬಾರ್ದು ಅನ್ನೋರು, ಮುಖ್ಯವಾಗಿ ಒಬ್ರೇ ಇರೋ ಹೆಣ್ಣುಮಕ್ಕಳು, ಇದನ್ನ ಮೊದಲೇ ಯೋಚನೆ ಮಾಡಿ.

ಪ್ರ: ಪ್ಲೇ ಸ್ಟೋರ್‌ಗೆ 12 ಜನ ಟೆಸ್ಟರ್ ಬೇಕಂತೆ, ಎಲ್ಲಿಂದ ತರ್ಲಿ?

ನಂಗೆ ಅತಿ ಹೆಚ್ಚು ಬರೋ ಪ್ರಶ್ನೆ ಇದು. ವಿಷಯ ಏನಂದ್ರೆ 2023ರ ನವೆಂಬರ್ 13ರ ನಂತರ ತೆಗೆದ ಪರ್ಸನಲ್ ಅಕೌಂಟ್‌ನವರು ಆಪ್ ಬಿಡುಗಡೆ ಮಾಡೋ ಮುಂಚೆ ಕ್ಲೋಸ್ಡ್ ಟೆಸ್ಟಿಂಗ್, ಅಂದ್ರೆ ಆರಿಸಿದ ಕೆಲವ್ರಿಗೆ ಮಾತ್ರ ಆಪ್ ಕೊಟ್ಟು ಪರೀಕ್ಷೆ, ಮಾಡ್ಬೇಕು. ಮೊದಲು 20 ಜನ ಅಂತಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದ್ರು. ಆ 12 ಜನ 14 ದಿನ ಬಿಡದೆ ಟೆಸ್ಟ್‌ನಲ್ಲಿ ಇರ್ಬೇಕು, ಮಧ್ಯದಲ್ಲಿ ಯಾರೋ ಹೊರಗೆ ಹೋಗಿ 11 ಆದ್ರೆ ದಿನದ ಲೆಕ್ಕ ಕೆಡುತ್ತೆ, ಅದಕ್ಕೆ ಹದಿನೈದು ಹದಿನಾರು ಜನ ಇಟ್ಕೊಳ್ಳಿ.

ದುಡ್ಡು ಕೊಟ್ರೆ ಟೆಸ್ಟರ್ ಕೊಡ್ತೀವಿ ಅನ್ನೋ ಗುಂಪುಗಳಿವೆ. ದಯವಿಟ್ಟು ಹೋಗ್ಬೇಡಿ. ಕೊನೇಲಿ ಗೂಗಲ್‌ನವರು ಟೆಸ್ಟರ್‌ಗಳನ್ನ ಹೇಗೆ ಸೇರಿಸಿದ್ರಿ, ಅವ್ರು ಏನ್ ಹೇಳಿದ್ರು, ಅದ್ರ ಮೇಲೆ ನೀವು ಏನ್ ಬದಲಾಯಿಸಿದ್ರಿ ಅಂತ ಕೇಳ್ತಾರೆ, ಆಪ್ ತೆಗೆದೇ ನೋಡದೋರನ್ನ ಇಟ್ಕೊಂಡು ಅದಕ್ಕೆ ಏನ್ ಉತ್ತರ ಬರೀತೀರಿ? ಅದಕ್ಕಿಂತ ದೊಡ್ಡ ನಷ್ಟ ಅಂದ್ರೆ ನಿಮಗೆ ಪುಕ್ಕಟೆ ಸಿಗೋ ಮೊದಲ ಪರಿಚಯದ ಬಳಗಾನೇ ಕಳ್ಕೊಳ್ತೀರಿ. ನಾನು ಹೇಳೋದು ಇಷ್ಟು, ಆ 12 ಜನರನ್ನ ಆಪ್ ನಿಜವಾಗ್ಲೂ ಯಾರಿಗೆ ಬೇಕೋ ಅವ್ರಲ್ಲೇ ಹುಡುಕಿ. ಕಾಫಿ ತೋಟದ ಆಪ್ ಆದ್ರೆ ತೋಟದವ್ರು, ಹಾಲಿನ ಲೆಕ್ಕದ ಆಪ್ ಆದ್ರೆ ಡೈರಿಗೆ ಹಾಲು ಹಾಕೋರು, ಆಲೂಗಡ್ಡೆ ಮಂಡಿ ಲೆಕ್ಕ ಆದ್ರೆ ಹಾಸನದ ಎಪಿಎಂಸಿಗೆ ಬೆಳಗ್ಗೆ ಹೋಗಿ ನಿಂತ್ಕೊಳ್ಳಿ. ಒಬ್ಬೊಬ್ರ ಫೋನನ್ನೂ ನೀವೇ ಕೈಗೆ ತಗೊಂಡು ಇನ್‌ಸ್ಟಾಲ್ ಮಾಡ್ಕೊಡಿ, ಲಿಂಕ್ ಕಳಿಸಿ ಸುಮ್ನಾದ್ರೆ ಯಾರೂ ಮಾಡಲ್ಲ. ಮಾಡ್ಕೊಡೋ ಆ ಐದು ನಿಮಿಷದಲ್ಲಿ ಅವ್ರ ಫೋನಲ್ಲಿ ಜಾಗ ಎಷ್ಟಿದೆ, ಅಕ್ಷರ ಎಷ್ಟು ದೊಡ್ಡದಾಗಿ ಇಟ್ಕೊಂಡಿದ್ದಾರೆ, ಯಾವ ಭಾಷೆ ಇದೆ ಅಂತೆಲ್ಲ ನಿಮಗೆ ಗೊತ್ತಾಗುತ್ತೆ.

ನನ್ನ ಮಳೆ ಲೆಕ್ಕದ ಆಪ್‌ಗೆ ಹೀಗೆ ಸೇರಿಸಿದ ಹದಿನಾಲ್ಕು ಜನದಲ್ಲಿ ಆರು ಜನ ಇವತ್ತಿಗೂ ಫೋನ್ ಮಾಡ್ತಾರೆ, ಮೂರು ಕೆಲಸ ಅವ್ರ ಕಡೆಯಿಂದಾನೇ ಬಂದಿದೆ.

ಪ್ರ: ನಂಗೆ ಯಾರ ಪರಿಚಯಾನೂ ಇಲ್ಲ. ಮೊದಲ ಕೆಲಸ ಹೇಗೆ ಸಿಗುತ್ತೆ?

ಯಾರ ಪರಿಚಯಾನೂ ಇಲ್ಲ ಅನ್ನೋರು ಈ ಊರಲ್ಲಿ ಇರೋಕೆ ಸಾಧ್ಯ ಇಲ್ಲ. ನಿಮ್ಮ ಮಾವ, ಚಿಕ್ಕಪ್ಪ, ಬಾಡಿಗೆ ಮನೆ ಓನರ್ರು, ಔಷಧಿ ಅಂಗಡಿಯವ್ರು, ಇವ್ರೆಲ್ಲ ಏನೋ ಒಂದು ಲೆಕ್ಕ ಬರೀತಾರೆ, ಆ ಲೆಕ್ಕದ ಪುಸ್ತಕ ನೋಡೋಕೆ ಕೇಳಿ. ಆಪ್ ಮಾಡ್ಕೊಡ್ಲಾ ಅಂತ ಕೇಳ್ಬೇಡಿ, ಪುಸ್ತಕ ತೋರಿಸ್ತೀರಾ ಅಂತ ಕೇಳಿ.

ನನ್ನ ಮೊದಲ ಸರಿಯಾದ ಕೆಲಸ ಬಂದಿದ್ದು ಹಂಗೆ. ಮೂಡಿಗೆರೆ ಕಡೆ ಒಂದು ತೋಟಕ್ಕೆ ಸಂಬಂಧಿಕರ ಜೊತೆ ಹೋಗಿದ್ದೆ, ಶನಿವಾರ, ಕೂಲಿ ಬಟವಾಡೆ ದಿನ. ರೈಟ್ರು, ಅಂದ್ರೆ ತೋಟದ ಲೆಕ್ಕ ಬರೆಯೋರು, ಚೆಕ್‌ರೋಲ್ ಪುಸ್ತಕ (ಆಳುಗಳ ಹಾಜರಿ, ಕೂಲಿ ಲೆಕ್ಕ) ಹರಡ್ಕೊಂಡು ಕೂತಿದ್ರು, ಹಣ್ಣು ಕುಯ್ಯೋ ಸೀಸನ್ನು, ಕೆಲವ್ರಿಗೆ ದಿನಗೂಲಿ, ಕೆಲವ್ರಿಗೆ ಕುಯ್ದ ಕೆಜಿ ಲೆಕ್ಕ, ಅದ್ರಲ್ಲಿ ಅಡ್ವಾನ್ಸ್ ಕಳೀಬೇಕು, ಹೊರಗಡೆ ಲೈನ್ ಮನೆಯವ್ರೆಲ್ಲ (ತೋಟದ ಸಾಲು ಮನೆಗಳಲ್ಲಿರೋ ಕೂಲಿಯವ್ರು) ಕಾಯ್ತಾ ನಿಂತಿದ್ದಾರೆ, ಇವ್ರು ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಮೂರನೇ ಸಲ ಕೂಡ್ತಾ ಇದ್ದಾರೆ. ನಾನು ಪಕ್ಕದಲ್ಲಿ ಕೂತು ನೋಡಿದೆ ಅಷ್ಟೇ, ಏನೂ ಹೇಳ್ಲಿಲ್ಲ. ಹದಿನೈದು ದಿನ ಬಿಟ್ಟು ಒಂದು ಚಿಕ್ಕ ಆಪ್ ಮಾಡ್ಕೊಂಡು ಹೋಗಿ ತೋರಿಸಿದೆ. ರೈಟ್ರು ಎರಡು ನಿಮಿಷ ನೋಡಿ, "ಚೆನ್ನಾಗಿದೆ ಸಾರ್, ಆದ್ರೆ ಅರ್ಧ ದಿನ ಬಂದೋರನ್ನ ಎಲ್ಲಿ ಬರೀಲಿ?" ಅಂದ್ರು. ಆಮೇಲೆ, "ಒಂದೇ ಹೆಸರಿನೋರು ಮೂರು ಜನ ಇದ್ದಾರಲ್ಲ ಸಾರ್, ನಾವು ಗೇಟಿನೋರು, ಮೇಲ್‌ಲೈನಿನೋರು ಅಂತ ಕರೆಯೋದು, ಅದನ್ನ ಎಲ್ಲಿ ಹಾಕೋದು?" ಅಂದ್ರು. ತೋಟದೊಳಗೆ ನೆಟ್‌ವರ್ಕೇ ಬರಲ್ಲ ಅನ್ನೋದಂತೂ ನಂಗೆ ಅಲ್ಲಿ ನಿಂತಾಗಲೇ ಹೊಳೆದಿದ್ದು, ನಾನು ಎಲ್ಲಾ ಡೇಟಾನೂ ಸರ್ವರ್‌ಗೆ ಹೋಗೋ ಥರ ಮಾಡಿದ್ದೆ. ವಾಪಸ್ ಬಂದು ಫೋನಲ್ಲೇ ಉಳ್ಕೊಂಡು, ಸಂಜೆ ಬಂಗಲೆ ಹತ್ರ ವೈಫೈ ಸಿಕ್ಕಾಗ ಮೇಲೆ ಹೋಗೋ ಹಾಗೆ ಮತ್ತೆ ಬರೆದೆ.

ಸಾಹುಕಾರ್ರು ದುಡ್ಡು ಕೊಟ್ರು, ಸರಿ. ಆದ್ರೆ ಪಕ್ಕದ ತೋಟಗಳಿಗೆ ನನ್ನ ಹೆಸರು ಹೇಳಿದ್ದು ರೈಟ್ರು. ಒಂದು ತೋಟದ ರೈಟ್ರಿಗೆ ಇನ್ನೊಂದು ತೋಟದ ರೈಟ್ರು ಗೊತ್ತಿರ್ತಾರೆ, ಸಂತೆ ದಿನ ಸಿಗ್ತಾರೆ, ಮಾತಾಡ್ತಾರೆ. ನಿಮ್ಮ ಆಪ್‌ನಿಂದ ಯಾರ ಶನಿವಾರದ ಸಂಜೆ ಹಗುರ ಆಗುತ್ತೋ ಅವ್ರೇ ನಿಮ್ಮ ಗುರುತು, ಚೆಕ್ ಸೈನ್ ಮಾಡೋರು ಮಾತ್ರ ಅಲ್ಲ. ದೊಡ್ಡವ್ರ ಪರಿಚಯ ಹುಡುಕ್ತಾ ಇರೋ ಹುಡುಗ್ರಿಗೆ ನಾನು ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ ಅನ್ಸುತ್ತೆ.

ಪ್ರ: ಲಿಂಕ್ಡ್‌ಇನ್‌ನಿಂದ ಉಪಯೋಗ ಇದ್ಯಾ?

ಇದೆ, ಹೊರಗಿನ ಕೆಲಸಕ್ಕೆ. ಇಲ್ಲಿನ ಅಂಗಡಿಯವ್ರು, ತೋಟದವ್ರು, ಹೋಮ್‌ಸ್ಟೇಯವ್ರು ಅಲ್ಲಿ ಇರಲ್ಲ, ವಾಟ್ಸಾಪ್‌ನಲ್ಲಿ ಇರ್ತಾರೆ. ಲಿಂಕ್ಡ್‌ಇನ್‌ನಲ್ಲಿ ಸಾವಿರ ಜನಕ್ಕೆ ರಿಕ್ವೆಸ್ಟ್ ಕಳ್ಸೋದ್ರಿಂದ ಏನೂ ಆಗಲ್ಲ. ಹಳೇ ಆಫೀಸಲ್ಲಿ ಜೊತೇಲಿ ಕೆಲಸ ಮಾಡಿದೋರು ಇಪ್ಪತ್ತು ಜನ ಇದ್ದಾರೆ ಅಂದ್ಕೊಳ್ಳಿ, ಅವ್ರಿಗೆ ಒಬ್ಬೊಬ್ರಿಗೂ ಬೇರೆ ಬೇರೆಯಾಗಿ ಬರೀರಿ, ನಾನು ಈಗ ಸ್ವಂತಕ್ಕೆ ಮಾಡ್ತಾ ಇದ್ದೀನಿ, ಇಂಥಿಂಥ ಕೆಲಸ ತಗೊಳ್ತೀನಿ, ಇದು ನಾನು ಹೋದ ತಿಂಗಳು ಮುಗಿಸಿದ್ದು ಅಂತ. ನಂಗೆ ಬೆಂಗಳೂರಿನ ಕೆಲಸದಲ್ಲಿ ಹೆಚ್ಚಿನದೆಲ್ಲ ಹಳೇ ಟೀಮ್‌ನವ್ರ ಕೈಯಿಂದ ಬಂದಿದ್ದು, ಅವ್ರ ಕಂಪನಿಗಳಲ್ಲಿ ಕೈ ಸಾಲದೇ ಇದ್ದಾಗ ಮೊದಲು ನೆನಪಾಗೋದು ಗೊತ್ತಿರೋ ಮುಖ.

ಗಿಟ್‌ಹಬ್, ಅಂದ್ರೆ ಕೋಡ್ ಇಟ್ಟು ಹಂಚ್ಕೊಳ್ಳೋ ವೆಬ್‌ಸೈಟು, ಚೆನ್ನಾಗಿ ಇಟ್ಕೊಳ್ಳಿ. ನೀವು ಬಳಸೋ ಯಾವುದೋ ಲೈಬ್ರರಿಯಲ್ಲಿ (ಬೇರೆಯವ್ರು ಬರೆದಿಟ್ಟ ಸಿದ್ಧ ಕೋಡ್) ಕನ್ನಡ ಸರಿಯಾಗಿ ಕಾಣ್ತಿಲ್ಲ ಅಂತಿಟ್ಕೊಳ್ಳಿ, ಸ್ಕ್ರೀನ್‌ಶಾಟ್ ಹಾಕಿ, ಯಾವ ಫೋನಲ್ಲಿ ಹೇಗೆ ಬರುತ್ತೆ ಅಂತ ಸರಿಯಾಗಿ ಬರೆದು ತಿಳಿಸಿ. ಅಂಥ ಒಂದು ದೂರು ಬರೆದಿದ್ದಕ್ಕೆ ಪುಣೆಯ ಒಬ್ರು ಡೆವಲಪರ್ ಪರಿಚಯ ಆಗಿ, ಈಗ ನಾಲ್ಕು ವರ್ಷದಿಂದ ಒಬ್ರ ಕೋಡ್ ಇನ್ನೊಬ್ರು ನೋಡ್ಕೊಡ್ತೀವಿ. ಇಲ್ಲೀವರೆಗೂ ಮುಖತಃ ಭೇಟಿ ಆಗಿಲ್ಲ.

ಪ್ರ: ಮೀಟಪ್‌ಗೆಲ್ಲ ಬೆಂಗಳೂರಿಗೆ ಹೋಗ್ಲೇಬೇಕಾ?

ವರ್ಷಕ್ಕೆ ಮೂರ್ನಾಲ್ಕು ಸಲ ಹೋಗಿ. ಗೂಗಲ್ ಡೆವಲಪರ್ ಗ್ರೂಪ್ ಅಂದ್ರೆ ಜಿಡಿಜಿ ಕಾರ್ಯಕ್ರಮಗಳು ಇರ್ತವೆ, ಮುಕ್ತ ತಂತ್ರಾಂಶದ ಬಳಗ ಫಾಸ್ ಯುನೈಟೆಡ್‌ನವ್ರ ಭೇಟಿಗಳು ಇರ್ತವೆ, ನವೆಂಬರ್ ಹೊತ್ತಿಗೆ ಸರ್ಕಾರದ ಬೆಂಗಳೂರು ಟೆಕ್ ಸಮ್ಮಿಟ್ ಇರುತ್ತೆ. ಟೆಕ್ ಸಮ್ಮಿಟ್ ದೊಡ್ಡದು, ನಮ್ಮಂಥ ಒಬ್ಬೊಬ್ರು ಅಲ್ಲಿ ಕಳೆದೋಗ್ತೀವಿ, ಚಿಕ್ಕ ಮೀಟಪ್‌ಗಳೇ ಮೇಲು. ಹಾಸನದವ್ರಿಗೆ ಸುಲಭ, 2017ರಲ್ಲಿ ಶ್ರವಣಬೆಳಗೊಳದ ಮೇಲಿನ ರೈಲು ಮಾರ್ಗ ಶುರುವಾದ ಮೇಲೆ ನೇರ ಹೋಗಿ ಬರ್ಬಹುದು. ನಾವು ಚಿಕ್ಕಮಗಳೂರಿನೋರು ಬಸ್ಸು ಹಿಡಿದು ಐದು ಗಂಟೆ ಕೂರ್ಬೇಕು, ಆದ್ರೂ ಹೋಗ್ತೀನಿ.

ಹೋದಾಗ ವಿಸಿಟಿಂಗ್ ಕಾರ್ಡ್ ಹಂಚೋದಕ್ಕಿಂತ ಒಂದು ಕೆಲಸ ಮಾಡಿ, ಕುರ್ಚಿ ಜೋಡಿಸೋದು, ಪ್ರೊಜೆಕ್ಟರ್ ಕನೆಕ್ಟ್ ಮಾಡೋದು, ಹೆಸರು ಬರ್ಕೊಳ್ಳೋ ಟೇಬಲ್‌ನಲ್ಲಿ ಕೂರೋದು, ಏನಾದ್ರೂ ಕೈ ಹಾಕಿ. ಸುಮ್ನೆ ಕೂತು ಕೇಳಿ ಬಂದ್ರೆ ಯಾರಿಗೂ ನಿಮ್ಮ ಮುಖ ನೆನಪಿರಲ್ಲ, ಟೇಬಲ್ ಹತ್ರ ಕೂತೋರು ಬಂದೋರಿಗೆಲ್ಲ ಗೊತ್ತಾಗ್ತಾರೆ. ನನ್ನ ಥರ ಮಾತಾಡೋಕೆ ಸ್ವಲ್ಪ ಹಿಂಜರಿಯೋರಿಗೆ ಇದು ನಿಜಕ್ಕೂ ಸಹಾಯ ಆಗುತ್ತೆ. ಮನೆಗೆ ಬಂದ ಎರಡು ದಿನದೊಳಗೆ ಮಾತಾಡಿದೋರಿಗೆ ಒಂದು ಮೆಸೇಜ್ ಹಾಕಿ, ಏನ್ ಮಾತಾಡಿದ್ವಿ ಅನ್ನೋದನ್ನ ಒಂದು ಸಾಲು ನೆನಪಿಸಿ.

ಇಲ್ಲೇ ಶುರು ಮಾಡ್ಬೇಕು ಅಂದ್ರೂ ಆಗುತ್ತೆ. ನಾವು ಎರಡು ತಿಂಗಳಿಗೊಮ್ಮೆ ಭಾನುವಾರ ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಆರೇಳು ಜನ ಸೇರ್ತೀವಿ, ಅರವತ್ತು ಕಿಲೋಮೀಟರ್ ಅಂತರ, ಬೈಕ್‌ನಲ್ಲೇ ಬರ್ತಾರೆ. ಸಾಲಗಾಮೆ ರಸ್ತೆ ಕಡೆ ಒಬ್ರ ಮನೆ ಮಹಡಿ ಮೇಲೆ ಕೂತು ಒಬ್ಬೊಬ್ರು ಅವ್ರ ಆಪ್ ತೋರ್ಸೋದು, ಉಳಿದೋರು ತಪ್ಪು ಹುಡುಕೋದು, ಅಷ್ಟೇ ಕಾರ್ಯಕ್ರಮ.

ಪ್ರ: ಅವ್ರೆಲ್ಲ ನಿಮಗೆ ಕಾಂಪಿಟೇಶನ್ ಅಲ್ವಾ? ಯಾಕೆ ಹೇಳ್ಕೊಡ್ತೀರಿ?

ಅಲ್ಲ. ಇವತ್ತು ನನ್ನ ಕೈಯಲ್ಲಿ ಎರಡು ಕೆಲಸ ಇದೆ, ಮೂರನೇದು ಬಂದ್ರೆ ಮಾಡೋಕಾಗಲ್ಲ, ಆಗಲ್ಲ ಅಂತ ಸುಮ್ನೆ ಹೇಳಿದ್ರೆ ಆ ಗಿರಾಕಿ ಮತ್ತೆ ಬರಲ್ಲ. ಹಾಸನದಲ್ಲಿ ಒಬ್ರು ಇದ್ದಾರೆ, ನನಗಿಂತ ಚೆನ್ನಾಗಿ ಮಾಡ್ತಾರೆ, ನಂಬರ್ ಕೊಡ್ತೀನಿ ಅಂದ್ರೆ ಮೂರೂ ಜನಕ್ಕೆ ಒಳ್ಳೇದು. ಹಾಗೆ ಕೊಟ್ಟ ಕೆಲಸಕ್ಕೆ ನಾನು ಕಮಿಷನ್ ತಗೊಳ್ಳಲ್ಲ. ತಗೊಳ್ಳೋದು ತಪ್ಪು ಅಂತ ಹೇಳ್ತಿಲ್ಲ, ತಗೊಳ್ಳೋದಾದ್ರೆ ಗಿರಾಕಿಗೂ ಗೊತ್ತಿರ್ಲಿ. ನಂಗೆ 2022ರ ಮಳೆಗಾಲದಲ್ಲಿ ಡೆಂಗ್ಯೂ ಬಂದು ಮೂರು ವಾರ ಮಲಗಿದ್ದಾಗ ಒಂದು ಹೋಮ್‌ಸ್ಟೇ ಬುಕಿಂಗ್ ಆಪ್‌ನ ಪೂರ್ತಿ ನೋಡ್ಕೊಂಡಿದ್ದು ಆ ಹಾಸನದ ಗೆಳೆಯಾನೇ. ಒಬ್ರೇ ಕೆಲಸ ಮಾಡೋರಿಗೆ ರಜೆ ಹಾಕಿದ್ರೆ ಬದಲಿ ಯಾರೂ ಇರಲ್ಲ, ಅದು ನೆನಪಿರ್ಲಿ.

ಪ್ರ: ರೇಟ್ ಎಷ್ಟು ಹೇಳ್ಬೇಕು? ಪರಿಚಯದವ್ರಿಗೆ ಫ್ರೀ ಮಾಡ್ಕೊಡ್ಬೇಕಾ?

ಫ್ರೀ ಬೇಡ. ಮೊದಲ ಕೆಲಸಕ್ಕೂ ಬೇಡ. ಕಡಿಮೆ ಮಾಡ್ಕೊಡಿ, ಆದ್ರೆ ಬಿಲ್‌ನಲ್ಲಿ ಪೂರ್ತಿ ರೇಟ್ ಬರೆದು ಕೆಳಗೆ ಇಷ್ಟು ಕಳೆದಿದ್ದೀನಿ ಅಂತ ತೋರಿಸಿ, ಇಲ್ಲಾಂದ್ರೆ ಆ ಕಡಿಮೆ ರೇಟೇ ನಿಮ್ಮ ರೇಟು ಅಂತ ಊರೆಲ್ಲ ಹರಡುತ್ತೆ. ಎಷ್ಟು ಅನ್ನೋದಕ್ಕೆ ನಾನು ಮಾಡೋ ಲೆಕ್ಕ ಸರಳ: ತಿಂಗಳಿಗೆ ಮನೆಗೆ ಬೇಕಾದ್ದು, ವರ್ಷದ ಲ್ಯಾಪ್‌ಟಾಪ್, ನೆಟ್, ಇನ್ಶೂರೆನ್ಸ್ ಖರ್ಚಲ್ಲಿ ಹನ್ನೆರಡನೇ ಒಂದು ಭಾಗ, ಇದೆಲ್ಲ ಕೂಡಿ, ತಿಂಗಳಲ್ಲಿ ದುಡ್ಡು ಬರೋ ದಿನ ಹನ್ನೆರಡು ಹದಿಮೂರೇ ಅಂತ ಇಟ್ಕೊಂಡು ಭಾಗಿಸ್ತೀನಿ. ಉಳಿದ ದಿನ ಫೋನು, ಓಡಾಟ, ಕಲಿಯೋದು, ತೋರ್ಸೋಕೆ ಹೋಗೋದು ಇದ್ದೇ ಇರುತ್ತೆ. ಇಪ್ಪತ್ತೈದು ದಿನಕ್ಕೆ ಭಾಗಿಸಿದೋರೆಲ್ಲ ವರ್ಷದೊಳಗೆ ವಾಪಸ್ ಕೆಲಸಕ್ಕೆ ಸೇರಿದ್ದನ್ನ ನೋಡಿದೀನಿ.

ದುಡ್ಡು ಮೂರು ಕಂತಲ್ಲಿ ತಗೊಳ್ತೀನಿ, ಶುರುವಿಗೆ 40 ಪರ್ಸೆಂಟ್, ಅವ್ರ ಫೋನಲ್ಲಿ ಮೊದಲ ಸಲ ಓಡಿದ ದಿನ 30, ಒಪ್ಪಿಸಿದ ದಿನ 30. ಮೊದಲ ವರ್ಷ ಒಂದು ಅಂಗಡಿಯವ್ರಿಗೆ ಬಾಯಿಮಾತಲ್ಲೇ ಕೆಲಸ ಒಪ್ಕೊಂಡೆ, ಇದೊಂದು ಸೇರ್ಸಿ, ಅದೊಂದು ಸೇರ್ಸಿ ಅಂತ ನಾಲ್ಕು ತಿಂಗಳಾಯ್ತು, ಕೊನೇ ಕಂತು ಇವತ್ತಿಗೂ ಬಂದಿಲ್ಲ. ಅವ್ರದ್ದು ಮಾತ್ರ ತಪ್ಪು ಅಂತ ಹೇಳೋಕಾಗಲ್ಲ, ಏನೇನು ಮಾಡ್ತೀನಿ ಅಂತ ನಾನು ಬರೆದೇ ಕೊಟ್ಟಿರ್ಲಿಲ್ಲ.

ಪ್ರ: ಅಗ್ರಿಮೆಂಟ್ ಕೇಳಿದ್ರೆ ಜನ ಬೇಜಾರ್ ಮಾಡ್ಕೊಳ್ಳಲ್ವಾ?

ಅಗ್ರಿಮೆಂಟ್ ಅನ್ನೋ ಪದ ಕೇಳಿದ್ರೆ ಮಾಡ್ಕೊಳ್ತಾರೆ, "ಏನ್ರೀ, ನಮ್ಮ ಮೇಲೆ ನಂಬಿಕೆ ಇಲ್ವಾ" ಅಂತಾರೆ. ಅದಕ್ಕೆ ನಾನು ಕನ್ನಡದಲ್ಲಿ ಒಂದು ಹಾಳೆ ಬರೆದು ವಾಟ್ಸಾಪ್ ಮಾಡ್ತೀನಿ, "ನಾವು ಮಾತಾಡಿದ್ದು ಮರ್ತೋಗ್ಬಾರ್ದು ಅಂತ ಬರೆದಿದೀನಿ ಸರ್, ಒಂದ್ಸಲ ಓದಿ ಸರಿ ಅಂತ ಹೇಳಿ" ಅಂತ. ಯಾವ್ಯಾವ ಸ್ಕ್ರೀನು, ಯಾವ ತಾರೀಖು, ಎಷ್ಟು ದುಡ್ಡು, ಇದರ ಹೊರಗಿನದಕ್ಕೆ ಬೇರೆ ಲೆಕ್ಕ, ಇಷ್ಟಿದ್ರೆ ಸಾಕು. ಇದುವರೆಗೂ ಒಬ್ರೂ ಬೇಜಾರ್ ಮಾಡ್ಕೊಂಡಿಲ್ಲ. ದೊಡ್ಡ ಮೊತ್ತ ಆದ್ರೆ ವಕೀಲರ ಹತ್ರ ಸರಿಯಾಗಿ ಬರೆಸಿ.

ಮುಖ್ಯವಾದ ಇನ್ನೊಂದು, ಗಿರಾಕಿ ಆಪ್‌ನ ಗಿರಾಕಿ ಹೆಸರಿನ ಪ್ಲೇ ಅಕೌಂಟ್‌ನಲ್ಲೇ ಹಾಕಿ. ನಿಮ್ಮದ್ರಲ್ಲಿ ಹಾಕಿದ್ರೆ ನಾಳೆ ಅವ್ರ ಆಪ್‌ನಲ್ಲಿ ಏನೋ ನಿಯಮ ಮೀರಿದ್ದು ಸಿಕ್ರೆ ಹೊಡೆತ ಬೀಳೋದು ನಿಮ್ಮ ಅಕೌಂಟ್‌ಗೆ, ಉಳಿದ ಆಪ್‌ಗಳೂ ಹೋಗ್ಬಹುದು. ಸಂಸ್ಥೆ ಹೆಸರಲ್ಲಿ ಮಾಡಿಸಿದ್ರೆ ಡನ್ಸ್ ನಂಬರ್ (ಸಂಸ್ಥೆಗಳನ್ನ ಗುರುತಿಸೋ ಸಂಖ್ಯೆ) ಬೇಕಾಗುತ್ತೆ, ಅದು ಬರೋಕೆ ದಿನ ಹಿಡಿಯುತ್ತೆ, ಮೊದಲೇ ಅರ್ಜಿ ಹಾಕ್ಸಿ. ಸಂಸ್ಥೆ ಅಕೌಂಟ್‌ಗೆ ಆ 12 ಜನರ ನಿಯಮ ಇಲ್ಲ. ಆಪ್ ನಿಮ್ಮದೇ ಅಂತ ಸೈನ್ ಮಾಡೋ ಕೀ ಫೈಲು, ಪಾಸ್‌ವರ್ಡು ಎರಡು ಕಡೆ ಇಡಿ.

ಪ್ರ: ಕನ್ನಡದಲ್ಲಿ ಆಪ್ ಮಾಡೋದು ಕಷ್ಟಾನಾ?

ಕಷ್ಟ ಅಲ್ಲ, ಗಮನ ಬೇಕು. ಚೆಕ್‌ರೋಲ್ ಆಪ್ ಮೊದಲ ಸಲ ರೈಟ್ರ ಫೋನಿಗೆ ಹಾಕಿದಾಗ ಮೇಲ್ಗಡೆ "ಒಟ್ಟು ಕೂಲಿ" ಅಂತ ಬರ್ಬೇಕಾದ ಕಡೆ "ಒಟು ಕೂಲಿ" ಅಂತ ಕಾಣ್ತಿತ್ತು. ನಾನು ಟೈಪ್ ಮಾಡಿದ್ದು ಸರಿ ಇದೆ, ನನ್ನ ಫೋನಲ್ಲಿ ಸರಿ ಇದೆ. ಆಮೇಲೆ ನೋಡಿದ್ರೆ ಅವ್ರು ಕಣ್ಣಿಗೆ ಕಾಣ್ಲಿ ಅಂತ ಅಕ್ಷರದ ಗಾತ್ರ ದೊಡ್ಡದು ಮಾಡ್ಕೊಂಡಿದ್ದಾರೆ, ನಾನು ಆ ಸಾಲಿಗೆ ಇಷ್ಟೇ ಎತ್ತರ ಅಂತ ಕಟ್ಟಿ ಹಾಕಿ, ಫಾಂಟ್ ಪ್ಯಾಡಿಂಗ್ (ಅಕ್ಷರದ ಮೇಲೆ ಕೆಳಗೆ ಬಿಡೋ ಜಾಗ) ಬೇರೆ ತೆಗೆದುಬಿಟ್ಟಿದ್ದೆ, ಟ ಕೆಳಗಿನ ಒತ್ತು ಪೂರ್ತಿ ಕತ್ತರಿಸಿ ಹೋಗಿತ್ತು. ಇಂಗ್ಲಿಷ್ ಅಕ್ಷರಕ್ಕೆ ಕೆಳಗೆ ಅಷ್ಟು ಜಾಗ ಬೇಡ, ನಮ್ಮ ಒತ್ತಕ್ಷರಕ್ಕೆ ಬೇಕು. ಎತ್ತರ ಯಾವತ್ತೂ ಕಟ್ಟಿ ಹಾಕ್ಬೇಡಿ, ಬರೆದಿದ್ದಕ್ಕೆ ತಕ್ಕ ಹಾಗೆ ಬೆಳೀಲಿ. ಪರೀಕ್ಷೆಗೆ "ರಾಷ್ಟ್ರ", "ಒಟ್ಟು", "ಸ್ತ್ರೀ" ಥರದ ಪದ ಹಾಕಿ, ಅಕ್ಷರ ದೊಡ್ಡದು ಮಾಡಿ ನೋಡಿ.

ಗಿರಾಕಿಗಳ ಹಳೇ ಎಕ್ಸೆಲ್ ಫೈಲ್ ಬಂದ್ರೆ ಅದು ಯುನಿಕೋಡಲ್ಲಿ ಇದ್ಯಾ ಅಥವಾ ನುಡಿ, ಬರಹದ ಹಳೇ ಫಾಂಟಲ್ಲಿ ಇದ್ಯಾ ಅಂತ ಮೊದಲು ನೋಡಿ. ಹಳೇ ಫಾಂಟ್ ಆದ್ರೆ ನಿಮ್ಮ ಆಪ್‌ನಲ್ಲಿ ಬರೀ ಗೀಚಿದ ಹಾಗೆ ಬರುತ್ತೆ, ಯುನಿಕೋಡ್‌ಗೆ ಬದಲಾಯಿಸ್ಕೊಂಡು ಒಂದೊಂದು ಹೆಸರೂ ಕಣ್ಣಲ್ಲಿ ನೋಡ್ಬೇಕು, ಆ ಕೆಲಸಕ್ಕೂ ರೇಟ್ ಹಾಕಿ.

ಪದಗಳನ್ನ ಡಿಕ್ಷನರಿಯಿಂದ ತರ್ಬೇಡಿ. ನನ್ನ ಮಳೆ ಆಪ್‌ನಲ್ಲಿ ಮಿಲಿಮೀಟರ್ ಇಟ್ಟಿದ್ದೆ, ತೋಟದವ್ರು ಯಾರೂ ಹಂಗೆ ಹೇಳಲ್ಲ, "ರಾತ್ರಿ ಒಂದಿಂಚು ಇಪ್ಪತ್ತು ಸೆಂಟು" ಅಂತಾರೆ, ಇಂಚಿನಲ್ಲಿ ನೂರನೇ ಒಂದು ಭಾಗ ಸೆಂಟು. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಎಷ್ಟಾಯ್ತು ಅನ್ನೋದ್ರ ಮೇಲೆ ಅವ್ರ ವರ್ಷದ ಬೆಳೆ ನಿಂತಿದೆ, ಆ ಲೆಕ್ಕ ಅವ್ರ ಮಾತಲ್ಲೇ ಇರ್ಬೇಕು.

ಪ್ರ: ಫಾರಿನ್ ಕ್ಲೈಂಟ್ ಸಿಕ್ರೆ ದುಡ್ಡು, ಟ್ಯಾಕ್ಸು ಹೇಗೆ?

ದುಡ್ಡು ಬ್ಯಾಂಕಿಗೆ ಬ್ಯಾಂಕ್‌ಗಳ ನಡುವಿನ ಸ್ವಿಫ್ಟ್ ವ್ಯವಸ್ಥೆಯಲ್ಲಿ ನೇರ ಬರ್ಬಹುದು, ವೈಸ್, ಪೇಯೋನಿಯರ್ ಥರದ್ರಲ್ಲೂ ಬರ್ಬಹುದು. ಬ್ಯಾಂಕ್‌ನವ್ರು ಪರ್ಪಸ್ ಕೋಡ್ (ದುಡ್ಡು ಯಾವ ಕೆಲಸಕ್ಕೆ ಬಂತು ಅನ್ನೋ ಸಂಕೇತ) ಕೇಳ್ತಾರೆ, ಸಾಫ್ಟ್‌ವೇರ್ ಕನ್ಸಲ್ಟೆನ್ಸಿಗೆ ಪಿ0802. ಹಣ ಹೊರಗಿಂದ ಬಂತು ಅನ್ನೋ ಪತ್ರ ಪ್ರತಿ ಸಲ ಇಸ್ಕೊಂಡು ಇಡಿ. ಅಮೆರಿಕದವ್ರು ಡಬ್ಲ್ಯು-8ಬೆನ್ ಫಾರ್ಮ್ ಕೇಳ್ತಾರೆ, ಹೆದರ್ಬೇಡಿ, ನೀವು ಅಲ್ಲಿನೋರಲ್ಲ ಅಂತ ತಿಳಿಸೋ ಫಾರ್ಮ್ ಅದು. ಜಿಎಸ್‌ಟಿ ನೋಂದಣಿ ಸೇವೆ ಕೊಡೋರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 20 ಲಕ್ಷ ದಾಟಿದ್ಮೇಲೆ. ನೋಂದಣಿ ಆದೋರು ಎಲ್‌ಯುಟಿ ಅನ್ನೋ ಮುಚ್ಚಳಿಕೆ ಪತ್ರ ಹಾಕಿದ್ರೆ ವಿದೇಶಕ್ಕೆ ಮಾಡಿದ ಕೆಲಸಕ್ಕೆ ತೆರಿಗೆ ಕಟ್ಟದೇ ಬಿಲ್ ಮಾಡ್ಬಹುದು. ಆದಾಯ ತೆರಿಗೆಯಲ್ಲಿ ವೃತ್ತಿಪರರಿಗೆ ಬಂದ ಹಣದಲ್ಲಿ ಅರ್ಧವನ್ನ ಆದಾಯ ಅಂತ ತೋರ್ಸೋ ಸರಳ ದಾರಿ ಇದೆ, 50 ಲಕ್ಷದವರೆಗೆ, ನಗದು 5 ಪರ್ಸೆಂಟ್ ಮೀರದಿದ್ರೆ 75 ಲಕ್ಷದವರೆಗೆ. ನಿಮ್ಮ ಕೆಲಸಕ್ಕೆ ಅದು ಹೊಂದುತ್ತಾ ಅಂತ ಸಿಎ ಹತ್ರ ಕೂತು ಕೇಳಿ, ಇಲ್ಲಿ ಓದಿದ್ದನ್ನೇ ನಂಬಿ ರಿಟರ್ನ್ ಹಾಕ್ಬೇಡಿ. ಅಂದಹಾಗೆ ಒಳ್ಳೇ ಸಿಎ ಪರಿಚಯ ಇದ್ರೆ ಅವ್ರೇ ನಿಮಗೆ ಗಿರಾಕಿ ಕೊಡ್ತಾರೆ, ಊರಿನ ವ್ಯಾಪಾರಿಗಳೆಲ್ಲ ಅವ್ರ ಆಫೀಸಿಗೆ ಬಂದು ಹೋಗೋರೇ.

ಪ್ರ: ಮಳೆಗಾಲದಲ್ಲಿ ಕರೆಂಟು, ನೆಟ್ಟು?

ಜೂನ್ ಜುಲೈನಲ್ಲಿ ಹೋಗುತ್ತೆ. ಟೌನ್‌ನಲ್ಲಿ ಪರವಾಗಿಲ್ಲ, ಕೊಪ್ಪ, ಶೃಂಗೇರಿ, ಮೂಡಿಗೆರೆ ಒಳಗಡೆ ಮರ ಬಿದ್ರೆ ಎರಡು ದಿನ ಇಲ್ಲ ಅಂದ್ಕೊಳ್ಳಿ. ಯುಪಿಎಸ್, ಎರಡು ಬೇರೆ ಬೇರೆ ಕಂಪನಿ ಸಿಮ್ಮು, ಮತ್ತೆ ಟೌನ್‌ನಲ್ಲಿ ಒಬ್ಬ ಗೆಳೆಯನ ಮನೆ. ಮೇ ತಿಂಗಳಲ್ಲೇ ಗಿರಾಕಿಗಳಿಗೆ ಹೇಳಿಬಿಡ್ತೀನಿ, ಮಳೆಗಾಲದಲ್ಲಿ ಒಂದು ದಿನ ಫೋನ್ ಸಿಗದಿದ್ರೆ ಗಾಬರಿ ಆಗ್ಬೇಡಿ, ಮಾರನೇ ದಿನ ನಾನೇ ಮಾಡ್ತೀನಿ ಅಂತ. ಮೊದಲೇ ಹೇಳಿದ್ರೆ ಯಾರೂ ಬೈಯಲ್ಲ.

ಪ್ರ: ಗಿರಾಕಿ ಇಲ್ದೇ ಸ್ವಂತ ಆಪ್ ಹಾಕಿ ಪ್ಲೇ ಸ್ಟೋರ್‌ನಿಂದಾನೇ ದುಡಿಯೋಕಾಗಲ್ವಾ?

ಕೆಲವ್ರಿಗೆ ಆಗುತ್ತೆ. ಆಪ್‌ನೊಳಗಿನ ಡಿಜಿಟಲ್ ಮಾರಾಟದಲ್ಲಿ ಸ್ಟೋರ್‌ನವ್ರ ಪಾಲು ಇರುತ್ತೆ, ಗೂಗಲ್ 2021ರಲ್ಲಿ ಚಿಕ್ಕವ್ರಿಗೆ ಅದನ್ನ 15 ಪರ್ಸೆಂಟ್‌ಗೆ ಇಳಿಸ್ತು. ಕಾಫಿಪುಡಿ, ಜೇನು, ಏಲಕ್ಕಿ ಥರ ಕೈಗೆ ಸಿಗೋ ವಸ್ತು ಮಾರಿದ್ರೆ ಆ ಪಾಲು ಇಲ್ಲ, ಯುಪಿಐನಲ್ಲೇ ತಗೊಳ್ಳಿ. ಜಾಹೀರಾತಿನ ದುಡ್ಡನ್ನ ನಂಬ್ಕೊಂಡು ಮನೆ ನಡೆಸೋಕೆ ಹೋಗ್ಬೇಡಿ, ಬಂದ್ರೆ ಬರ್ಲಿ.

ಪ್ರ: ಕೆಲಸ ಮುಗಿದ ಮೇಲೆ ಗಿರಾಕಿ ಜೊತೆ ಸಂಬಂಧ ಹೇಗೆ ಉಳಿಸ್ಕೊಳ್ಳೋದು?

ಆಪ್ ಅನ್ನೋದು ಒಂದ್ಸಲ ಮಾಡಿ ಬಿಡೋ ವಸ್ತು ಅಲ್ಲ, ಗೂಗಲ್‌ನವ್ರು ಪ್ರತಿ ವರ್ಷ ಆಗಸ್ಟ್ ಕೊನೆ ಹೊತ್ತಿಗೆ ಹೊಸ ಆಂಡ್ರಾಯ್ಡ್‌ಗೆ ತಕ್ಕ ಹಾಗೆ ಅಪ್‌ಡೇಟ್ ಕೇಳ್ತಾರೆ, 2025ರಲ್ಲಿ ಆಂಡ್ರಾಯ್ಡ್ 15ಕ್ಕೆ ಮಾಡ್ಬೇಕಿತ್ತು. ಮಾಡದಿದ್ರೆ ಹೊಸ ಅಪ್‌ಡೇಟ್ ಹಾಕೋಕಾಗಲ್ಲ, ತುಂಬಾ ಹಳೇದಾದ್ರೆ ಹೊಸ ಫೋನ್‌ನವ್ರಿಗೆ ಸ್ಟೋರ್‌ನಲ್ಲಿ ಕಾಣೋದೂ ಇಲ್ಲ. ಇದನ್ನ ಮೊದಲ ದಿನಾನೇ ಹೇಳಿ ವರ್ಷಕ್ಕೆ ಇಷ್ಟು ಅಂತ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮಾತಾಡ್ಕೊಳ್ಳಿ, ನೀರಿನ ಮೋಟರ್‌ಗೆ, ಲಿಫ್ಟ್‌ಗೆ ಕೊಡೋ ಹಾಗೆ. ನಂಗೆ ಈಗ ಹನ್ನೊಂದು ಎಎಂಸಿ ಇದೆ, ಹೊಸ ಕೆಲಸ ಇಲ್ಲದ ತಿಂಗಳೂ ಮನೆ ನಡೆಯೋದು ಅದ್ರಿಂದ.

ಮತ್ತೆ ಕಾರಣ ಇಲ್ದೇನೂ ಹೋಗಿ. ನಾನು ಜನವರಿಯಲ್ಲಿ ಒಂದ್ಸಲ ಎಲ್ಲಾ ತೋಟಕ್ಕೂ ಹೋಗ್ತೀನಿ, ಕುಯ್ಲು ನಡೀತಿರುತ್ತೆ, ಕಣದಲ್ಲಿ ಕಾಫಿ ಹರಡಿರ್ತಾರೆ, ರೈಟ್ರ ಪಕ್ಕ ಅರ್ಧ ಗಂಟೆ ಕೂತು ಅವ್ರು ಆಪ್ ಬಳಸೋದನ್ನ ಸುಮ್ನೆ ನೋಡ್ತೀನಿ. ಹೋದ ವರ್ಷ ಒಬ್ರು ಆಪ್‌ನಲ್ಲಿ ಎಲ್ಲಾ ಬರೆದು, ಆಮೇಲೆ ಅದನ್ನೇ ಮತ್ತೆ ಪುಸ್ತಕಕ್ಕೆ ಕೈಯಲ್ಲಿ ಬರೀತಾ ಇದ್ರು. ಯಾಕೆ ಅಂತ ಕೇಳಿದ್ರೆ, "ಹೆಬ್ಬೆಟ್ಟು ಎಲ್ಲಿ ಒತ್ತಿಸ್ಲಿ ಸಾರ್?" ಅಂದ್ರು. ಫೋನ್ ಮಾಡಿ ಕೇಳಿದ್ದಿದ್ರೆ ಅವ್ರು ಎಲ್ಲಾ ಚೆನ್ನಾಗಿದೆ ಅಂತಾನೇ ಹೇಳ್ತಿದ್ರು. ಮುಂದಿನ ವಾರ ಬಟವಾಡೆ ಪಟ್ಟಿ ಹೆಬ್ಬೆಟ್ಟಿಗೆ ಜಾಗ ಬಿಟ್ಟು ಪ್ರಿಂಟ್ ಆಗೋ ಹಾಗೆ ಮಾಡ್ಕೊಟ್ಟೆ.

ಪ್ರ: ಮನೆಯಲ್ಲಿ ಒಪ್ತಿಲ್ಲ, ಕೆಲಸ ಇಲ್ದೇ ಕೂತಿದ್ದಾನೆ ಅಂತಾರೆ.

ಇದು ನಿಜವಾದ ನೋವು, ನಂಗೂ ಆಗಿತ್ತು. ಮದುವೆ ಮಾತುಕತೆಯಲ್ಲಿ ಯಾವ ಕಂಪನಿ ಅಂತ ಕೇಳಿದ್ರೆ ಅಮ್ಮ ಏನ್ ಹೇಳ್ಬೇಕು ಗೊತ್ತಾಗದೆ ನನ್ನ ಮುಖ ನೋಡ್ತಿದ್ರು. ಬದಲಾಗಿದ್ದು ಎರಡರಿಂದ: ಮನೆಯೊಳಗೆ ಕೂತು ಮಾಡೋದು ಬಿಟ್ಟು ಐಜಿ ರಸ್ತೆ ಹತ್ರ ಒಂದು ಚಿಕ್ಕ ರೂಮ್ ಬಾಡಿಗೆಗೆ ತಗೊಂಡು ಬೆಳಗ್ಗೆ ಒಂಬತ್ತೂವರೆಗೆ ಹೊರಡೋಕೆ ಶುರು ಮಾಡಿದೆ, ಮತ್ತೆ ಸಣ್ಣ ಉದ್ದಿಮೆಗಳಿಗೆ ಇರೋ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿ ಆ ಸರ್ಟಿಫಿಕೇಟ್ ಅಪ್ಪನ ಕೈಗೆ ಕೊಟ್ಟೆ. ನೋಂದಣಿಗೆ ದುಡ್ಡು ಇಲ್ಲ, ಆನ್‌ಲೈನ್‌ನಲ್ಲೇ ಆಗುತ್ತೆ, ದುಡ್ಡು ಕೇಳೋ ವೆಬ್‌ಸೈಟ್‌ಗಳಿಗೆ ಹೋಗ್ಬೇಡಿ. ಆ ರೂಮ್‌ನಿಂದ ಕೆಲಸಾನೂ ಬಂತು, ಕೆಳಗಡೆ ಅಂಗಡಿಯವ್ರು, ಪಕ್ಕದ ಟ್ರಾವೆಲ್ಸ್‌ನವ್ರು ಒಬ್ಬೊಬ್ರಾಗಿ ಮೇಲೆ ಬಂದು ಏನ್ ಮಾಡ್ತೀರಿ ಅಂತ ಕೇಳೋಕೆ ಶುರು ಮಾಡಿದ್ರು.

ಪ್ರ: ನಿಮ್ಮ ಭಾನುವಾರದ ಭೇಟಿಗೆ ನಾವೂ ಬರ್ಬಹುದಾ? ಏನ್ ತರ್ಬೇಕು?

ಬನ್ನಿ. ರೆಸ್ಯೂಮ್ ಬೇಡ, ಪಿಪಿಟಿ ಬೇಡ. ನೀವು ಮಾಡಿದ್ದು ಏನಿದ್ಯೋ ಅದನ್ನ ಫೋನಲ್ಲಿ ಇನ್‌ಸ್ಟಾಲ್ ಮಾಡ್ಕೊಂಡು ಬನ್ನಿ, ಅರ್ಧ ಆಗಿದ್ರೂ ಪರವಾಗಿಲ್ಲ, ಕ್ರ್ಯಾಶ್ ಆಗ್ತಾ ಇದ್ರೂ ಪರವಾಗಿಲ್ಲ. ಸಾಧ್ಯ ಆದ್ರೆ ಅದನ್ನ ಬಳಸೋ ಒಬ್ರನ್ನ ಜೊತೇಲಿ ಕರ್ಕೊಂಡು ಬನ್ನಿ. ಹೋದ ಸಲ ಸಕಲೇಶಪುರದ ಒಬ್ಬ ಹುಡುಗಿ ಅವ್ರ ಅಜ್ಜಿನ್ನ ಕರ್ಕೊಂಡು ಬಂದಿದ್ರು, ಮಾತ್ರೆ ನೆನಪಿಸೋ ಆಪ್, ಅಜ್ಜಿ ಫೋನ್ ಹಿಡ್ಕೊಂಡು ಆ ಬೆಲ್ ಸದ್ದು ಬಾಗಿಲು ಬೆಲ್ ಥರಾನೇ ಇದೆ, ನಾನು ಪ್ರತಿ ಸಲ ಎದ್ದು ಹೋಗಿ ಬಾಗಿಲು ತೆಗೀತೀನಿ ಅಂದ್ರು. ಅವತ್ತು ಮಧ್ಯಾಹ್ನ ಪೂರ್ತಿ ನಾವು ಏಳು ಜನ ಕೂತು ಬೇರೆ ಸದ್ದು ಹುಡುಕಿದ್ವಿ.